ಬಿಡಲೊಲ್ಲದ ಬೋಲ್ಟು

ಕಾರಿನ ಕೆಳಗೆ ಅಂಗಾತ ಮಲಗಿ ಮೇಲೆ ನೋಡುವ ಯೋಗ ಎಲ್ಲರಿಗೂ ಬರುವುದಿಲ್ಲ. ಬಂದವರಿಗೆ ಕಾಣುವುದು ಆಕಾಶವೂ ಅಲ್ಲ, ನಕ್ಷತ್ರವೂ ಅಲ್ಲ. ಕೆಸರು, ಎಣ್ಣೆ, ತುಕ್ಕು, ಇವುಗಳ ನಡುವೆ ಮುಖ ಗಂಟಿಕ್ಕಿಕೊಂಡು ಕುಳಿತ ಒಂದು ಬೋಲ್ಟು. ಸ್ಪಾನರ್ ಹಾಕಿ ಎಳೆಯುತ್ತೀರಿ, ಅಲುಗುವುದಿಲ್ಲ. ಉಸಿರು ಬಿಗಿಹಿಡಿದು ಇನ್ನೊಮ್ಮೆ ಎಳೆಯುತ್ತೀರಿ. ಸ್ಪಾನರ್ ಜಾರುತ್ತದೆ, ಬೆರಳ ಗಂಟುಗಳು ಕಬ್ಬಿಣಕ್ಕೆ ಬಡಿಯುತ್ತವೆ, ಕಣ್ಣೊಳಕ್ಕೆ ತುಕ್ಕಿನ ಪುಡಿ ಉದುರುತ್ತದೆ. ಆ ಗಳಿಗೆಯಲ್ಲಿ ಮನುಷ್ಯನ ಬಾಯಿಂದ ಬರುವ ಮಾತುಗಳನ್ನು ಬಾನುಲಿಯಲ್ಲಿ ಹೇಳುವಂತಿಲ್ಲ.

ಇಂಥ ಬೋಲ್ಟನ್ನು ಒಲಿಸಿಕೊಳ್ಳುವ ಬಗೆ ಯಾವುದು, ಒಲಿಯದೆ ಮುರಿದರೆ ಮಾಡತಕ್ಕದ್ದೇನು, ಅದರ ತಿರುಪಿನ ಸುತ್ತು ಕೆಟ್ಟರೆ ಸರಿಪಡಿಸುವುದು ಹೇಗೆ ಎಂಬುದು ಇವೊತ್ತಿನ ನನ್ನ ವಿಷಯ. ಕಾರ್ಖಾನೆಯವರು ಥ್ರೆಡ್ಡು ಎಂದು ಕರೆಯುವುದನ್ನೇ ನಾನು ಸುತ್ತು ಎನ್ನುತ್ತೇನೆ. ನಾನು ವೃತ್ತಿಯಿಂದ ಮೆಕ್ಯಾನಿಕ್ಕನಲ್ಲ. ಸಮುದ್ರದ ಗಾಳಿ ಬೀಸುವ ಊರಿನಲ್ಲಿ ಹಳೆಯ ಕಾರುಗಳನ್ನು ಸಾಕಿಕೊಂಡು ಬಂದವನು. ಕರಾವಳಿಯಲ್ಲಿ ಹಳೆಯ ಕಾರು ಸಾಕಿದವನಿಗೆ ತುಕ್ಕಿನ ವಿದ್ಯೆ ತಾನಾಗಿ ಬರುತ್ತದೆ.

ಮೊದಲು, ಬೋಲ್ಟು ಹಿಡಿದುಕೊಳ್ಳುವುದಾದರೂ ಏಕೆ? ಬೋಲ್ಟನ್ನು ನಾವು ಒಂದು ದಪ್ಪ ಮೊಳೆ ಎಂದು ತಿಳಿದಿರುತ್ತೇವೆ. ನಿಜವಾಗಿ ಅದೊಂದು ಸ್ಪ್ರಿಂಗು. ಬಿಗಿಮಾಡಿದಾಗ ಉಕ್ಕು ಕೂದಲೆಳೆಯಷ್ಟು ಉದ್ದಕ್ಕೆ ಜಗ್ಗುತ್ತದೆ. ಹಿಂದಕ್ಕೆ ಮರಳಬೇಕೆಂಬ ಅದರ ಹಟವೇ ಎರಡು ಭಾಗಗಳನ್ನು ಒತ್ತಿ ಹಿಡಿಯುವ ಬಲ. ೧೨ ಮಿಲಿಮೀಟರ್ ದಪ್ಪದ ಒಳ್ಳೆಯ ಉಕ್ಕಿನ ಬೋಲ್ಟೊಂದು ಸರಿಯಾಗಿ ಬಿಗಿದಾಗ ಸುಮಾರು ನಾಲ್ಕು ಟನ್ನಿನಷ್ಟು ಬಲದಿಂದ ಹಿಡಿದಿರುತ್ತದೆ. ಮೂರು ಅಂಬಾಸಡರ್ ಕಾರುಗಳನ್ನು ಒಂದರ ಮೇಲೊಂದು ಪೇರಿಸಿದರೂ ಅಷ್ಟು ಭಾರವಾಗದು. ಇನ್ನೊಂದು ಸೋಜಿಗ ಕೇಳಿ. ನೀವು ಸ್ಪಾನರಿಗೆ ಕೊಡುವ ಶ್ರಮದಲ್ಲಿ ಹತ್ತರಲ್ಲಿ ಒಂದು ಪಾಲು ಮಾತ್ರ ಬೋಲ್ಟನ್ನು ಜಗ್ಗುವುದಕ್ಕೆ ಸಲ್ಲುತ್ತದೆ. ಸುಮಾರು ಐದು ಪಾಲು ತಲೆಯ ಕೆಳಗಿನ ತಿಕ್ಕಾಟಕ್ಕೆ, ನಾಲ್ಕು ಪಾಲು ಸುತ್ತುಗಳ ತಿಕ್ಕಾಟಕ್ಕೆ ಹೋಗುತ್ತದೆ. ಆದುದರಿಂದ ಹೊಸ ಬೋಲ್ಟನ್ನು ಬಿಚ್ಚುವಾಗಲೂ ನಾವು ಹೋರಾಡುವುದು ಹೆಚ್ಚಾಗಿ ತಿಕ್ಕಾಟದೊಡನೆ.

ಇದಕ್ಕೆ ತುಕ್ಕು ಸೇರಿತೆನ್ನಿ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರುವ ಸಂದಾದರೋ ಕಾಗದದ ಹಾಳೆಗಿಂತ ತೆಳು. ಅಷ್ಟರಲ್ಲಿ ಊದಿಕೊಂಡ ತುಕ್ಕು ಬೆಣೆ ಹೊಡೆದ ಹಾಗೆ ಕುಳಿತುಬಿಡುತ್ತದೆ. ಉಪ್ಪು ನೀರು ಈ ಕೆಲಸವನ್ನು ಅವಸರ ಮಾಡಿಸುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಾರಿಗೆ ಐದು ವರ್ಷದಲ್ಲಿ ಬರುವ ಮುಪ್ಪು ಬಯಲುಸೀಮೆಯ ಕಾರಿಗೆ ಹತ್ತು ವರ್ಷವಾದರೂ ಬರುವುದಿಲ್ಲವೆಂದು ನನ್ನ ಅಂದಾಜು. ಇನ್ನು ಉಕ್ಕಿನ ಬೋಲ್ಟು ಅಲ್ಯೂಮಿನಿಯಂ ಗೂಡಿನಲ್ಲಿ ಕೂತಿದ್ದರಂತೂ ಎರಡು ಬೇರೆ ಲೋಹಗಳ ನಡುವೆ ನೀರು ಸೇರಿ ಸಣ್ಣದೊಂದು ಬ್ಯಾಟರಿಯೇ ಹುಟ್ಟುತ್ತದೆ. ಅದರಲ್ಲಿ ಸವೆಯುವುದು ಅಲ್ಯೂಮಿನಿಯಂ. ಬಿಳಿಯ ಹಿಟ್ಟಿನಂಥ ಪುಡಿ ಸುತ್ತುಗಳನ್ನೆಲ್ಲ ತುಂಬಿ ಬೆಸುಗೆ ಹಾಕಿದಂತೆ ಹಿಡಿಯುತ್ತದೆ.

ಕೆಲಸಕ್ಕೆ ಕೈ ಹಚ್ಚುವ ಮುನ್ನ ಒಂದು ಮಾತನ್ನು ಗದರಿಸಿಯೇ ಹೇಳಬೇಕಾಗಿದೆ. ಜ್ಯಾಕಿನ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಕೂಡದು. ಜ್ಯಾಕು ಎತ್ತುವುದಕ್ಕೆ, ಹೊರುವುದಕ್ಕಲ್ಲ. ಎತ್ತಿದ ಮೇಲೆ ಉಕ್ಕಿನ ಸ್ಟ್ಯಾಂಡುಗಳನ್ನು ಗಟ್ಟಿ ನೆಲದ ಮೇಲೆ, ಕಾರಿನ ಮೈಯಲ್ಲಿ ಅದಕ್ಕೆಂದೇ ಗುರುತಿಸಿದ ಜಾಗದಡಿ ಇಟ್ಟು, ನೆಲದ ಮೇಲಿರುವ ಗಾಲಿಗಳಿಗೆ ಹಿಂದೆ ಮುಂದೆ ದಿಮ್ಮಿ ಕೊಟ್ಟು, ಕಾರನ್ನು ಕೈಯಿಂದ ಚೆನ್ನಾಗಿ ಅಲ್ಲಾಡಿಸಿ ನೋಡಿ ಆಮೇಲೆ ಕೆಳಗೆ ಹೋಗಬೇಕು. ಇಟ್ಟಿಗೆಯನ್ನೂ ಟೊಳ್ಳು ಸಿಮೆಂಟ್ ಬ್ಲಾಕನ್ನೂ ಪೇರಿಸುವವರಿದ್ದಾರೆ. ಅವು ಬಿರುಕು ಬಿಡುವ ಮುನ್ನ ಸೂಚನೆ ಕೊಡುವುದಿಲ್ಲ. ಮೊಂಡು ಬೋಲ್ಟನ್ನು ಎಳೆಯುವಾಗ ಇಡೀ ಕಾರು ತೂಗಾಡುತ್ತದೆ ಎಂಬುದನ್ನೂ ಮರೆಯಬೇಡಿ. ಕಣ್ಣಿಗೆ ಕನ್ನಡಕ ಇರಲಿ, ಓದುವುದಲ್ಲ, ಪಕ್ಕವೂ ಮುಚ್ಚಿರುವುದು. ಮನೆಯಲ್ಲಿ ಇನ್ನೊಬ್ಬರಿಗೆ ನೀವು ಕಾರಿನ ಕೆಳಗಿದ್ದೀರಿ ಎಂಬುದು ತಿಳಿದಿರಲಿ.

ಈಗ ಬೋಲ್ಟಿನ ಬಳಿಗೆ ಬರೋಣ. ಅದರ ಮೇಲೆ ಕೋಪ ಮಾಡಿಕೊಳ್ಳುವ ಮೊದಲು ಅದರ ಮುಖ ತೊಳೆಯಬೇಕು. ತಂತಿಯ ಬ್ರಷ್ಷಿನಿಂದ ಕೆಸರು, ತುಕ್ಕಿನ ಹಪ್ಪಳ ಎಲ್ಲ ಹೋಗುವಂತೆ ಉಜ್ಜಿ. ನಟ್ಟಿನಿಂದ ಹೊರಕ್ಕೆ ಚಾಚಿದ ಬೋಲ್ಟಿನ ತುದಿಯನ್ನು ವಿಶೇಷವಾಗಿ ಉಜ್ಜಬೇಕು. ನಟ್ಟು ಹೊರಬರುವುದು ಆ ದಾರಿಯಿಂದಲೇ ಅಲ್ಲವೆ? ದಾರಿಯಲ್ಲಿ ಕಸ ಬಿದ್ದಿದ್ದರೆ ಎರಡು ಸುತ್ತು ಬಂದ ನಟ್ಟು ಮೂರನೆಯದಕ್ಕೆ ಮತ್ತೆ ಕಚ್ಚಿಕೊಳ್ಳುತ್ತದೆ. ಆಮೇಲೆ ಸಂದಿಗೆ ಇಳಿಯುವ ತೆಳು ಎಣ್ಣೆ ಹಾಕಿ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವುದುಂಟು. ಗೇರ್‌ಬಾಕ್ಸಿಗೆ ಹಾಕುವ ಎ.ಟಿ.ಎಫ್. ಎಣ್ಣೆಯನ್ನೂ ಅಸಿಟೋನನ್ನೂ ಸಮಪಾಲಾಗಿ ಬೆರೆಸಿಕೊಳ್ಳುವವರೂ ಇದ್ದಾರೆ. ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಅಸಿಟೋನು ಪೆಟ್ರೋಲಿನಂತೆ ಹೊತ್ತಿಕೊಳ್ಳುವ ವಸ್ತು, ಕಾರಿನ ಬಣ್ಣವನ್ನೂ ಎತ್ತುತ್ತದೆ. ಎಣ್ಣೆ ಯಾವುದೇ ಆಗಲಿ, ನಿಜವಾದ ಮದ್ದು ಕಾಲ. ಸಂಜೆ ಹಾಕಿ, ಬೋಲ್ಟಿನ ತಲೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟು, ರಾತ್ರಿ ಮಲಗುವ ಮುನ್ನ ಇನ್ನೊಮ್ಮೆ ಹಾಕಿ, ಬೆಳಿಗ್ಗೆ ಬನ್ನಿ. ಹಾಕಿದ ಐದು ನಿಮಿಷಕ್ಕೆ ಎಳೆಯುವವನು ಎಣ್ಣೆಗೆ ಕೊಟ್ಟ ದುಡ್ಡನ್ನು ನೆಲಕ್ಕೆ ಚೆಲ್ಲಿದಂತೆಯೇ ಸರಿ. ಬ್ರೇಕಿನ ತಟ್ಟೆ, ಪ್ಯಾಡುಗಳ ಮೇಲೆ ಮಾತ್ರ ಈ ಎಣ್ಣೆಯ ಒಂದು ಹನಿಯೂ ಬೀಳಬಾರದು.

ಸುತ್ತಿಗೆಯ ಪೆಟ್ಟನ್ನು ಹೇಳಿದೆನಲ್ಲ, ಅದು ಸಿಟ್ಟು ತೀರಿಸಿಕೊಳ್ಳುವುದಕ್ಕಲ್ಲ. ಬೋಲ್ಟಿನ ನೇರಕ್ಕೆ ಬಿದ್ದ ಪೆಟ್ಟು ಸುತ್ತುಗಳ ಮೇಲಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸುತ್ತದೆ, ತುಕ್ಕಿನ ಪದರವನ್ನು ಬಿರುಕು ಬಿಡಿಸುತ್ತದೆ, ಆ ಬಿರುಕಿನಲ್ಲಿ ಎಣ್ಣೆ ಇಳಿಯುತ್ತದೆ. ಆದರೆ ಸುತ್ತುಳ್ಳ ತುದಿಗೆ ನೇರವಾಗಿ ಹೊಡೆದರೆ ತುದಿ ಅಣಬೆಯಂತೆ ಅರಳಿ ನಟ್ಟು ಹೊರಬರುವ ಬಾಗಿಲೇ ಮುಚ್ಚಿಹೋಗುತ್ತದೆ.

ಉಪಕರಣದ ವಿಷಯದಲ್ಲಿ ಜಿಪುಣತನ ಬೇಡ. ಮೊಂಡು ಬೋಲ್ಟಿಗೆ ಹನ್ನೆರಡು ಮೂಲೆಯ ರಿಂಗ್ ಸ್ಪಾನರ್ ಸಲ್ಲದು, ತೆರೆದ ಬಾಯಿಯ ಸ್ಪಾನರಂತೂ ಬೇಡವೇ ಬೇಡ. ಆರು ಮೂಲೆಯ ಸಾಕೆಟ್ಟು ಬೇಕು. ಅದು ಮೂಲೆಗಳನ್ನು ಬಿಟ್ಟು ಮಗ್ಗುಲನ್ನು ಹಿಡಿಯುತ್ತದೆ. ಸುತ್ತಿಗೆಯಿಂದ ತಟ್ಟಿ ಪೂರ್ತಿ ಕೂರಿಸಿ, ಉದ್ದ ಹಿಡಿಯ ದಂಡ ಹಾಕಿ, ತಳ್ಳದೆ ನಿಮ್ಮ ಕಡೆಗೆ ಎಳೆಯಿರಿ. ರ‍್ಯಾಚೆಟ್ಟಿನ ಒಳಗಿರುವ ಸಣ್ಣ ಹಲ್ಲುಗಳು ಈ ಕೆಲಸಕ್ಕಾಗಿ ಹುಟ್ಟಿದವಲ್ಲ. ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೇ ತಿರುಗಿಸಿ. ವಿಚಿತ್ರವೆನಿಸಬಹುದು, ಆದರೆ ತುಕ್ಕಿನ ಹಿಡಿತ ತಪ್ಪಿಸುವುದಕ್ಕೆ ಯಾವ ದಿಕ್ಕಾದರೇನು? ‘ಟಕ್’ ಎಂದು ಸದ್ದು ಬಂದರೆ ನೀವು ಗೆದ್ದಂತೆ. ಹಾಗೆಂದು ಒಂದೇ ಏಟಿಗೆ ಬಿಚ್ಚುವ ಆಸೆ ಬೇಡ. ಕಾಲು ಸುತ್ತು ಹೊರಕ್ಕೆ, ಅರೆಕಾಲು ಸುತ್ತು ಒಳಕ್ಕೆ, ಎಣ್ಣೆ ಒಂದು ಹನಿ, ಮತ್ತೆ ಹೊರಕ್ಕೆ, ಹೀಗೆ ನಡೆಯಲಿ. ಅಲುಗಿದ ಬೋಲ್ಟು ರಬ್ಬರಿನಂತೆ ಜಗ್ಗತೊಡಗಿದ ಅನುಭವ ಕೈಗೆ ಬಂದರೆ ತಕ್ಷಣ ನಿಲ್ಲಿಸಿ. ಅದು ಬಿಚ್ಚುತ್ತಿಲ್ಲ, ತಿರುಚಿಕೊಂಡು ಮುರಿಯಲು ಸಿದ್ಧವಾಗುತ್ತಿದೆ.

ದಿಕ್ಕಿನ ಮಾತು ಬಂದಿತು. ಬಹುತೇಕ ಎಲ್ಲ ಬೋಲ್ಟುಗಳೂ ಎಡಕ್ಕೆ ತಿರುಗಿಸಿದರೆ ಬಿಚ್ಚುತ್ತವೆ. ಕಾರಿನ ಕೆಳಗೆ ಮಲಗಿದಾಗ ಎಡ ಬಲ ತಲೆಕೆಳಗಾಗಿ, ಬಿಚ್ಚುವೆನೆಂದು ಬಿಗಿದವರು ನನ್ನನ್ನೂ ಸೇರಿಸಿ ಅನೇಕರು. ತಲೆಯನ್ನು ಎದುರಿನಿಂದ ನೋಡುತ್ತಿದ್ದೇನೆಂದು ಮನಸ್ಸಿನಲ್ಲೇ ಕಲ್ಪಿಸಿಕೊಂಡು ದಿಕ್ಕು ನಿಶ್ಚಯಿಸಿರಿ. ಎಡಸುತ್ತಿನವೂ ಉಂಟು. ನಿಮ್ಮ ಮನೆಯ ಸೈಕಲ್ಲಿನ ಎಡ ಪೆಡಲು ಅಂಥದು. ಸ್ಟೇರಿಂಗಿನ ಟೈರಾಡಿನಲ್ಲೂ ಎಷ್ಟೋ ಕಾರುಗಳಲ್ಲಿ ಒಂದು ತುದಿ ಎಡಸುತ್ತಿನದಾಗಿರುತ್ತದೆ.

ಎಣ್ಣೆ, ಕಾಲ, ಬಲ ಮೂರಕ್ಕೂ ಬಗ್ಗದಿದ್ದರೆ ಉಳಿಯುವುದು ಬೆಂಕಿ. ಉಕ್ಕು ಒಂದು ಡಿಗ್ರಿಗೆ ತನ್ನ ಅಳತೆಯ ಹತ್ತು ಲಕ್ಷದಲ್ಲಿ ಸುಮಾರು ೧೨ ಪಾಲು ಹಿಗ್ಗುತ್ತದೆ. ೧೨ ಮಿಲಿಮೀಟರ್ ಕಂಡಿಯ ನಟ್ಟನ್ನು ೩೦೦ ಡಿಗ್ರಿ ಹೆಚ್ಚು ಕಾಯಿಸಿದರೆ ಕಂಡಿ ದೊಡ್ಡದಾಗುವುದು ಒಂದು ಮಿಲಿಮೀಟರಿನ ನೂರರಲ್ಲಿ ನಾಲ್ಕು ಪಾಲು ಅಷ್ಟೆ. ತಲೆಗೂದಲಿನ ದಪ್ಪವೂ ಇಲ್ಲ. ಅಷ್ಟೇ ಸಾಕು, ತುಕ್ಕಿನ ಗಾರೆ ಒಡೆಯುತ್ತದೆ. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. ಬೋಲ್ಟು ಕಾದರೆ ಅದೇ ಹಿಗ್ಗಿ ಇನ್ನೂ ಬಿಗಿಯಾಗುತ್ತದೆ. ನಟ್ಟು ಕಾದಿರುವಾಗ ಬೋಲ್ಟಿನ ತುದಿಗೆ ಮೇಣದ ಬತ್ತಿಯನ್ನು ಮುಟ್ಟಿಸಿದರೆ ಕರಗಿದ ಮೇಣ ಸುತ್ತುಗಳೊಳಕ್ಕೆ ಸರ್ರನೆ ಇಳಿಯುವುದನ್ನು ನೋಡಬಹುದು. ಹಳೆಯ ಮಿಸ್ತ್ರಿಗಳ ಈ ಉಪಾಯ ನನಗೆ ಎಷ್ಟೋ ಸಲ ಕೈಕೊಟ್ಟಿಲ್ಲ. ಅಂಟು ಹಾಕಿ ಬಿಗಿದ ಬೋಲ್ಟುಗಳೂ ಈಚಿನ ಕಾರುಗಳಲ್ಲಿ ಬಹಳ. ೧೯೫೩ರಲ್ಲಿ ಅಮೆರಿಕದ ವರ್ನನ್ ಕ್ರೀಬಲ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕರು ಕಂಡುಹಿಡಿದ, ಗಾಳಿ ಸಿಗದಿದ್ದರೆ ಗಟ್ಟಿಯಾಗುವ ಅಂಟು ಅದು. ಅದರ ಬಲವಾದ ಜಾತಿಗೆ ಎಣ್ಣೆ ನಾಟುವುದಿಲ್ಲ. ೨೫೦ ಡಿಗ್ರಿಯ ಶಾಖ ತಗಲಿದರೆ ಮಾತ್ರ ಮೆತ್ತಗಾಗುತ್ತದೆ.

ಆದರೆ ಬೆಂಕಿಯನ್ನು ಮನೆಯಲ್ಲಿ ಮಾಡಿರೆಂದು ನಾನು ಹೇಳುತ್ತಿಲ್ಲ. ಪೆಟ್ರೋಲ್ ಟ್ಯಾಂಕು, ಅದರ ಕೊಳವೆ, ಬ್ರೇಕಿನ ರಬ್ಬರ್ ಮೆದುಗೊಳವೆ, ಬುಷ್ಷು, ಮುಂಚಿನ ದಿನ ನೀವೇ ಸುರಿದ ಎಣ್ಣೆ, ಎಲ್ಲವೂ ಆ ಜ್ವಾಲೆಗೆ ಒಂದೆರಡು ಗೇಣು ದೂರದಲ್ಲಿರುತ್ತವೆ. ಅನಿಲದಿಂದ ಓಡುವ ಕಾರಾದರೆ ಜ್ವಾಲೆಯ ಯೋಚನೆಯನ್ನೇ ಬಿಡಬೇಕು. ಬ್ರೇಕ್ ತೊಳೆಯುವ ಕೆಲವು ದ್ರಾವಣಗಳಲ್ಲಿ ಕ್ಲೋರಿನ್ ಇದ್ದು, ಅವು ಕಾದರೆ ಫಾಸ್ಜೀನ್ ಎಂಬ ವಿಷದ ಗಾಳಿ ಹುಟ್ಟುತ್ತದೆ. ಈಗ ಜ್ವಾಲೆಯಿಲ್ಲದೆ ವಿದ್ಯುತ್ತಿನ ಸುರುಳಿಯಿಂದ ನಟ್ಟನ್ನಷ್ಟೇ ಕೆಂಪಗೆ ಕಾಯಿಸುವ ಯಂತ್ರಗಳು ಬಂದಿವೆ. ಒಳ್ಳೆಯ ವರ್ಕ್‌ಷಾಪಿನಲ್ಲಿ ಅದಿದ್ದರೆ ಅಲ್ಲಿಗೆ ಹೋಗುವುದೇ ಮೇಲು.

ನಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದರೆ ಅದನ್ನು ಉಳಿಸುವ ಆಸೆ ಬಿಡಿ. ಉಳಿಯಿಂದ ಒಂದು ಮಗ್ಗುಲನ್ನು ಸೀಳಿ, ಇಲ್ಲವೆ ಗರಗಸದಿಂದ ಬೋಲ್ಟಿನ ಸುತ್ತಿಗೆ ತಾಗದಂತೆ ಕೊಯ್ದು ತೆಗೆಯಿರಿ. ಒಂದು ನಟ್ಟಿನ ಬೆಲೆ ಒಂದು ಕಾಫಿಯ ಬೆಲೆಗಿಂತ ಕಡಿಮೆ. ಸೈಲೆನ್ಸರಿನ ನಟ್ಟುಗಳನ್ನು ನಾನು ಬಿಚ್ಚುವ ಗೋಜಿಗೇ ಹೋಗುವುದಿಲ್ಲ, ಕೊಯ್ದೇಬಿಡುತ್ತೇನೆ. ಹೊಸದಾಗಿ ಹಾಕುವಾಗ ಹಿತ್ತಾಳೆಯ ನಟ್ಟು ಹಾಕಿದರೆ ಮುಂದಿನ ಸಲ ಈ ತಾಪತ್ರಯವಿಲ್ಲ.

ಬೋಲ್ಟೇ ಮುರಿದು ತುಂಡು ಒಳಗೆ ಉಳಿದರೆ? ಆಗ ಕಾರಿನ ಕೆಳಗಿನಿಂದ ಹೊರಗೆ ಬಂದು ಒಂದು ಲೋಟ ಕಾಫಿ ಕುಡಿಯುವುದು ಮೊದಲ ಕೆಲಸ. ಇದನ್ನು ತಮಾಷೆಗೆ ಹೇಳುತ್ತಿಲ್ಲ. ಮುರಿದ ಬೋಲ್ಟು ಒಂದು ಗಂಟೆಯ ಕೆಲಸ. ಮುರಿದ ಸಿಟ್ಟಿನಲ್ಲಿ ಮಾಡಿದ ಇನ್ನೊಂದು ತಪ್ಪು ಎರಡು ದಿನದ ಕೆಲಸ. ತುಂಡು ಸ್ವಲ್ಪ ಹೊರಕ್ಕೆ ಚಾಚಿದ್ದರೆ ಅದರ ಮೇಲೊಂದು ನಟ್ಟನ್ನಿಟ್ಟು ಒಳಗಿನಿಂದ ಬೆಸುಗೆ ಹಾಕಿಸುವುದು ನಾನು ಕಂಡ ಉಪಾಯಗಳಲ್ಲೆಲ್ಲ ಉತ್ತಮ. ಹಿಡಿಯಲು ತಲೆಯೂ ಸಿಕ್ಕಿತು, ಬೆಸುಗೆಯ ಶಾಖದಿಂದ ತುಕ್ಕೂ ಒಡೆಯಿತು. ಬೆಸುಗೆಗೆ ಮುಂಚೆ ಬ್ಯಾಟರಿಯ ತಂತಿ ಕಳಚಿರಬೇಕು. ತುಂಡು ಒಳಕ್ಕೆ ಮುಳುಗಿದ್ದರೆ ನಟ್ಟನಡುವೆ ಪಂಚ್ ಹೊಡೆದು, ಮೊದಲು ಸಣ್ಣ, ಆಮೇಲೆ ದೊಡ್ಡ ಬೈರಿಗೆಯಿಂದ ಕೊರೆಯಬೇಕು. ಎಡಕ್ಕೆ ತಿರುಗಿ ಕೊರೆಯುವ ಬೈರಿಗೆಗಳು ಸಿಗುತ್ತವೆ; ಕೊರೆಯುತ್ತಿರುವಾಗಲೇ ತುಂಡು ತಾನಾಗಿ ಬಿಚ್ಚಿಕೊಂಡು ಹೊರಬಂದುದನ್ನು ನಾನು ಎರಡು ಸಲ ಕಂಡಿದ್ದೇನೆ. ಕೊರೆದ ಕಂಡಿಗೆ ಹಾಕಿ ಎಡಕ್ಕೆ ತಿರುಗಿಸುವ, ಶಂಖದಂತೆ ಮೊನಚಾದ ಒಂದು ಉಪಕರಣವನ್ನು ‘ಈಸಿ ಔಟ್’ ಎಂಬ ಹೆಸರಿನಲ್ಲಿ ಮಾರುತ್ತಾರೆ. ಹೆಸರಿನಲ್ಲಿ ಮಾತ್ರ ಸುಲಭ. ಬೋಲ್ಟಿನ ತಲೆಯನ್ನೇ ಮುರಿದ ಹಿಡಿತ ಅದಕ್ಕಿಂತ ತೆಳುವಾದ ಇದಕ್ಕೆ ಬಗ್ಗುವುದು ಅಪರೂಪ. ಅದು ಒಳಗೆ ಮುರಿದರಂತೂ ಗಡುಸು ಉಕ್ಕು, ಯಾವ ಬೈರಿಗೆಗೂ ಜಗ್ಗುವುದಿಲ್ಲ. ಶಾಖ, ಎಣ್ಣೆ ಎರಡನ್ನೂ ಮಾಡಿ ತುಂಡು ಸಡಿಲಗೊಂಡಿದೆ ಎಂಬ ನಂಬಿಕೆ ಬಂದ ಮೇಲಷ್ಟೇ ಅದನ್ನು ಬಳಸಬೇಕು.

ಇಷ್ಟು ಹೊತ್ತು ಬಿಚ್ಚದ ಬೋಲ್ಟನ್ನು ಬೈದೆ. ಇನ್ನು ಸುಲಭವಾಗಿ ಬಿಚ್ಚಿದ ಒಂದು ಬೋಲ್ಟಿನ ಕಥೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಮಳೆಗಾಲದ ಕೊನೆಯಲ್ಲಿ ನಾವು ಮನೆಮಂದಿ ಶಿವಮೊಗ್ಗದ ಮದುವೆಯೊಂದರಿಂದ ಆಗುಂಬೆಯ ಘಾಟಿಯಲ್ಲಿ ಇಳಿದು ಬರುತ್ತಿದ್ದೆವು. ನಮ್ಮದು ಆಗ ಹಳೆಯ ಮಾರುತಿ ೮೦೦. ಹಿಂದಿನ ತಿಂಗಳಷ್ಟೆ ಅದರ ಮುಂದಿನ ಗಾಲಿಯನ್ನು ಹಿಡಿದಿರುವ ಕೆಳಗಿನ ತೋಳಿಗೆ ಹೊಸ ಬುಷ್ಷು ಹಾಕಿಸಿದ್ದೆ. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಮೂರನೆಯದರಿಂದಲೇ ಬ್ರೇಕು ಒತ್ತಿದಾಗಲೆಲ್ಲ ‘ಕಟಕ್’ ಎಂಬ ಸದ್ದು. ಸ್ಟೇರಿಂಗು ಒಂದು ಕ್ಷಣ ತಾನೇ ಎಡಕ್ಕೆ ಸರಿದು ಮತ್ತೆ ಬರುತ್ತಿತ್ತು. ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ನನ್ನ ಹೆಂಡತಿ ಏನೂ ಕೇಳಲಿಲ್ಲ, ಬಾಗಿಲ ಹಿಡಿಯನ್ನು ಹಿಡಿದುಕೊಂಡಳು. ಒಂದನೆಯ ಗೇರಿನಲ್ಲಿ ಆಮೆಯಂತೆ ಇಳಿದು, ಸೋಮೇಶ್ವರದಲ್ಲಿ ಕಾರು ನಿಲ್ಲಿಸಿ, ಮನೆಯವರನ್ನು ಬಸ್ಸಿನಲ್ಲಿ ಕಳಿಸಿ, ಕಾರನ್ನು ಮಾರನೆಯ ದಿನ ಲಾರಿಯ ಮೇಲೆ ತರಿಸಿದೆ.

ಮನೆಯಂಗಳದಲ್ಲಿ ಕೆಳಗೆ ಮಲಗಿ ಆ ತೋಳಿನ ಬೋಲ್ಟಿಗೆ ಸಾಕೆಟ್ಟು ಹಾಕಿದೆ. ಒಂದು ಚೂರೂ ಮೊಂಡುತನವಿಲ್ಲ. ಅರ್ಧ ಸುತ್ತಿನ ಮೇಲೆ ಬೆರಳಿನಿಂದಲೇ ಬಿಚ್ಚಿ ಬಂತು. ಕ್ಯಾಲಿಪರಿನಿಂದ ಅಳೆದೆ. ನಟ್ಟು ೧೨ ಮಿಲಿಮೀಟರಿನದು, ಕಾರಿನದೇ. ಬೋಲ್ಟು ೧೧.೧ ಮಿಲಿಮೀಟರ್. ಅಂದರೆ ಒಂದು ಇಂಚಿನ ಹದಿನಾರರಲ್ಲಿ ಏಳು ಪಾಲು. ಬಿಚ್ಚುವಾಗ ಹಳೆಯ ಬೋಲ್ಟು ಮುರಿದಿದೆ, ವರ್ಕ್‌ಷಾಪಿನ ಹುಡುಗ ಹಳೆಯ ಡಬ್ಬಿಯಿಂದ ಕೈಗೆ ಸಿಕ್ಕಿದ್ದನ್ನು ಹಾಕಿದ್ದಾನೆ, ನಟ್ಟು ಏರಿದೆ, ಆದುದರಿಂದ ಸರಿಯೆಂದು ತಿಳಿದಿದ್ದಾನೆ. ಹುಡುಗನನ್ನು ನಾನು ಬೈಯಲಾರೆ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಏರಿದ್ದಾದರೂ ಹೇಗೆ? ಇದಕ್ಕೆ ನೂರೆಂಬತ್ತು ವರ್ಷಗಳ ಚರಿತ್ರೆಯಿದೆ. ೧೮೪೧ಕ್ಕೆ ಮುಂಚೆ ಇಂಗ್ಲೆಂಡಿನಲ್ಲಿ ಒಂದೊಂದು ಕಾರ್ಖಾನೆಯ ಸುತ್ತೂ ಒಂದೊಂದು ಬಗೆ. ಆ ವರ್ಷ ಜೋಸೆಫ್ ವಿಟ್‌ವರ್ತ್ ೫೫ ಡಿಗ್ರಿ ಕೋನದ ಒಂದೇ ಮಾದರಿಯ ಸುತ್ತನ್ನು ಸೂಚಿಸಿದ. ೧೮೬೪ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ೬೦ ಡಿಗ್ರಿಯೇ ಸುಲಭವೆಂದ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳೇ ಆದರೂ ಇವರ ನಟ್ಟು ಅವರ ಬೋಲ್ಟಿಗೆ ಕೂರದೆ ಪಟ್ಟ ಪಾಡಿನಿಂದ, ೧೯೪೮ರಲ್ಲಿ ಬ್ರಿಟನ್, ಅಮೆರಿಕ, ಕೆನಡಾ ಮೂರೂ ಸೇರಿ ಇಂಚಿನ ಅಳತೆಯಲ್ಲಿ ೬೦ ಡಿಗ್ರಿಯ ಏಕರೂಪದ ಸುತ್ತನ್ನು ಒಪ್ಪಿಕೊಂಡವು. ಮೋರಿಸ್ ಆಕ್ಸ್‌ಫರ್ಡ್ ವಂಶದ ನಮ್ಮ ಅಂಬಾಸಡರಿಗೆ ಈ ಇಂಚಿನ ಸುತ್ತು ಬಂತು. ಫಿಯಟ್ ಇಟಲಿಯ ಕಾರಾದ್ದರಿಂದ ಅದರದು ಮಿಲಿಮೀಟರ್. ೧೯೮೩ರಲ್ಲಿ ಬಂದ ಮಾರುತಿಯದೂ ಮಿಲಿಮೀಟರ್. ಅಂಬಾಸಡರಿನ ತಯಾರಿಕೆ ೨೦೧೪ರಲ್ಲಿ ಉತ್ತರಪಾಡಾದಲ್ಲಿ ನಿಂತಿತು. ಆದರೆ ಅದರ ಬೋಲ್ಟುಗಳು ಹಳೆಯ ವರ್ಕ್‌ಷಾಪುಗಳ ಡಬ್ಬಿಗಳಲ್ಲಿ ಇನ್ನೂ ಇವೆ.

ಆ ಇಂಚಿನ ಬೋಲ್ಟಿಗೆ ಇಂಚಿಗೆ ೨೦ ಸುತ್ತು, ಅಂದರೆ ಸುತ್ತಿಗೂ ಸುತ್ತಿಗೂ ನಡುವೆ ೧.೨೭ ಮಿಲಿಮೀಟರ್. ನನ್ನ ಕಾರಿನ ನಟ್ಟಿನದು ೧.೨೫. ಇಬ್ಬರ ಹೆಜ್ಜೆಯೂ ಹೆಚ್ಚುಕಡಿಮೆ ಒಂದೇ, ಕೋನವೂ ಒಂದೇ. ಹೀಗಾಗಿ ನಟ್ಟು ಸಲೀಸಾಗಿ ಏರುತ್ತದೆ. ಆದರೆ ಬೋಲ್ಟು ತೆಳುವಾದುದರಿಂದ ಹಲ್ಲು ಹಲ್ಲಿಗೆ ಕಚ್ಚುವ ಆಳ ಇರಬೇಕಾದ್ದರಲ್ಲಿ ಮೂರನೆಯ ಒಂದು ಪಾಲು ಮಾತ್ರ. ಬಿಗಿದಾಗ ಆ ತುದಿಗಳು ಸವೆದುಹೋಗಿವೆ. ಮೇಲಾಗಿ ೧೨ರ ಕಂಡಿಯಲ್ಲಿ ೧೧ರ ಬೋಲ್ಟು. ‘ಕಟಕ್’ ಎಂದದ್ದು ಅದು. ಆ ಬೋಲ್ಟು ಈಗಲೂ ನನ್ನ ಮೇಜಿನ ಮೇಲಿದೆ. ಕಾಗದ ಹಾರದಂತೆ ಇಟ್ಟುಕೊಂಡಿದ್ದೇನೆ.

ಆದುದರಿಂದ ಸುತ್ತು ಅಳೆಯುವ ಗೇಜನ್ನು ಕೊಂಡುಕೊಳ್ಳಿ. ಬೀಸಣಿಗೆಯಂತೆ ಬಿಚ್ಚುವ, ಹಲ್ಲುಹಲ್ಲಿನ ತಗಡುಗಳ ಸಣ್ಣ ವಸ್ತು, ದುಬಾರಿಯೇನಲ್ಲ. ಬೆಳಕಿಗೆ ಹಿಡಿದಾಗ ತಗಡಿಗೂ ಬೋಲ್ಟಿಗೂ ನಡುವೆ ಎಲ್ಲೂ ಬೆಳಕು ನುಸುಳಬಾರದು. ದಪ್ಪವನ್ನೂ ಅಳೆಯಿರಿ. ಬೋಲ್ಟಿನ ತಲೆಯ ಮೇಲಿನ ಅಂಕೆಯನ್ನೂ ಓದಿರಿ. ೮.೮ ಎಂದಿದ್ದರೆ ಅದು ಒಂದು ಚದರ ಮಿಲಿಮೀಟರಿಗೆ ೮೦೦ ನ್ಯೂಟನ್ ತಡೆಯುವ ಉಕ್ಕು, ಅದರ ಹತ್ತರಲ್ಲಿ ಎಂಟು ಪಾಲಿನವರೆಗೆ ಜಗ್ಗಿದರೂ ಹಿಂದಕ್ಕೆ ಮರಳುತ್ತದೆ ಎಂದು ಅರ್ಥ. ೧೦.೯ ಅದಕ್ಕಿಂತ ಗಟ್ಟಿ. ತೆಗೆದದ್ದು ಯಾವ ಅಂಕೆಯದೋ ಹಾಕುವುದೂ ಅದೇ ಅಂಕೆಯದಾಗಬೇಕು. ತಲೆಯ ಮೇಲೆ ಏನೂ ಇಲ್ಲದ ಬೋಲ್ಟು ಗೇಟಿಗೆ ಸರಿ, ಗಾಲಿಗೆ ಬೇಡ.

ಈಗ ಕೆಟ್ಟ ಸುತ್ತನ್ನು ಸರಿಪಡಿಸುವುದು. ಸುತ್ತು ತುಕ್ಕಿನಿಂದ ತುಂಬಿದ್ದರೆ, ಇಲ್ಲವೆ ಮೊದಲೊಂದೆರಡು ಹಲ್ಲು ಮಾತ್ರ ಜಜ್ಜಿದ್ದರೆ ಹೊಸದಾಗಿ ಕೊಯ್ಯಬೇಕಿಲ್ಲ, ಬಾಚಿದರೆ ಸಾಕು. ಟ್ಯಾಪು ಕತ್ತಿಯಂಥದು, ಕೊಯ್ಯಬೇಕಾದ್ದನ್ನಷ್ಟೇ ಅಲ್ಲ, ಇರುವ ಒಳ್ಳೆಯ ಲೋಹವನ್ನೂ ಕೊಯ್ದೀತು. ಬಾಚುವುದಕ್ಕೆ ಮನೆಯಲ್ಲೇ ಸಾಧನ ಮಾಡಬಹುದು. ಅದೇ ಅಳತೆಯ ಒಳ್ಳೆಯ ಬೋಲ್ಟೊಂದನ್ನು ತೆಗೆದುಕೊಂಡು ಅದರ ಉದ್ದಕ್ಕೆ ಮುಕ್ಕೋನದ ಅರದಿಂದ ಎರಡು ಮೂರು ಕಾಲುವೆ ತೋಡಿ. ಎಣ್ಣೆ ಹಚ್ಚಿ ಕೈಯಿಂದ ತಿರುಗಿಸುತ್ತ ಹೋದರೆ ಕಸವೆಲ್ಲ ಆ ಕಾಲುವೆಗಳಲ್ಲಿ ತುಂಬಿ ಹೊರಗೆ ಬರುತ್ತದೆ. ಅಡ್ಡ ಏರಿಸಿ ಕೆಟ್ಟ ಸುತ್ತಿಗೆ ಟ್ಯಾಪೇ ಬೇಕು. ಸಾಧ್ಯವಿದ್ದರೆ ಕೆಡದ ಹಿಂದಿನ ಕಡೆಯಿಂದ ಹಾಕಿದರೆ ಹಳೆಯ ದಾರಿ ತಪ್ಪುವುದಿಲ್ಲ. ಟ್ಯಾಪನ್ನು ಅರ್ಧ ಸುತ್ತು ಮುಂದಕ್ಕೆ ನಡೆಸಿ ಕಾಲು ಸುತ್ತು ಹಿಂದಕ್ಕೆ ತರಬೇಕು. ಹಿಂದೆ ಬರುವಾಗ ಲೋಹದ ಸುರುಳಿ ಮುರಿಯುತ್ತದೆ. ಅವಸರದಲ್ಲಿ ಮುರಿಯುವುದು ಟ್ಯಾಪು, ಅದೂ ಗಡುಸು ಉಕ್ಕೇ.

ಸುತ್ತು ಪೂರ್ತಿ ಉದುರಿಹೋಗಿದ್ದರೆ ಒಳಗೆ ಹೊಸ ಸುತ್ತನ್ನೇ ಕೂರಿಸುವ ಉಪಾಯವುಂಟು. ಎಂಜಿನ್ ಎಣ್ಣೆ ಹರಿಸುವ ಬಿರಡೆಯ ಕಂಡಿ ಇದಕ್ಕೆ ಹೆಸರುವಾಸಿ. ಎಣ್ಣೆ ಸೋರಬಾರದೆಂದು ಒಬ್ಬೊಬ್ಬ ಮೆಕ್ಯಾನಿಕ್ಕೂ ಹಿಂದಿನವನಿಗಿಂತ ಸ್ವಲ್ಪ ಹೆಚ್ಚು ಬಿಗಿಯುತ್ತಾನೆ. ಸೋರದಂತೆ ತಡೆಯುವುದು ವಾಷರು, ಭುಜಬಲವಲ್ಲ ಎಂದು ಯಾರೂ ನಂಬುವುದಿಲ್ಲ. ಅಲ್ಯೂಮಿನಿಯಂ ತಳವಾದರೆ ಒಂದು ದಿನ ಸುತ್ತೆಲ್ಲ ಸುರುಳಿಯಾಗಿ ಬಿರಡೆಯೊಡನೆ ಕೈಗೆ ಬರುತ್ತದೆ. ತುಕ್ಕು ಹಿಡಿಯದ ಉಕ್ಕಿನ, ವಜ್ರಾಕಾರದ ತಂತಿಯನ್ನು ಸ್ಪ್ರಿಂಗಿನಂತೆ ಸುತ್ತಿದ ಹೆಲಿಕಾಯಿಲ್ ಎಂಬ ಒಳತೊಡವು ಇದೆ. ೧೦ ಮಿಲಿಮೀಟರ್ ದಪ್ಪ, ಒಂದೂವರೆ ಮಿಲಿಮೀಟರ್ ಹೆಜ್ಜೆಯ ಬೋಲ್ಟಿಗಾದರೆ ಕಂಡಿಯನ್ನು ೧೦.೪ ಮಿಲಿಮೀಟರಿಗೆ ಕೊರೆದು, ಅದರದೇ ವಿಶೇಷ ಟ್ಯಾಪಿನಿಂದ ಸುತ್ತು ಕೊಯ್ದು, ಈ ತಂತಿಯನ್ನು ತಿರುಗಿಸಿ ಕೂರಿಸುತ್ತಾರೆ. ಅದು ಕಂಡಿಗಿಂತ ತುಸು ಅಗಲವಾದುದರಿಂದ ತಾನೇ ಅರಳಿ ಹಿಡಿದುಕೊಳ್ಳುತ್ತದೆ. ಮೇಲಿನ ಅಂಚಿನಿಂದ ಅರ್ಧ ಸುತ್ತಿನಷ್ಟು ಕೆಳಗೆ ಮುಳುಗಿಸಿ, ತಳದ ಅಡ್ಡ ಚೂರನ್ನು ಮುರಿದು ತೆಗೆಯಬೇಕು. ಆ ಚೂರು ಎಂಜಿನ್ನಿನೊಳಗೆ ಬೀಳಬಾರದು. ಬೈರಿಗೆಯ ಪುಡಿಯೂ ಬೀಳಬಾರದು. ಬೈರಿಗೆಗೆ ದಪ್ಪ ಗ್ರೀಸು ಮೆತ್ತಿದರೆ ಪುಡಿ ಬಹುಪಾಲು ಅಂಟಿಕೊಳ್ಳುತ್ತದೆ. ಆದರೂ ತಳವನ್ನು ಕಳಚಿ ಮೇಜಿನ ಮೇಲೆ ಮಾಡುವುದೇ ನನಗೆ ಸಮ್ಮತ. ಎಣ್ಣೆಯ ಬಿರಡೆಗೆ ತಂತಿಗಿಂತ ಗಟ್ಟಿ ಕೊಳವೆಯಂಥ ಬುಷ್ಷೇ ಮೇಲು. ತಂತಿಯ ಹೊರ ಅಂಚಿನ ದಾರಿಯಲ್ಲಿ ಎಣ್ಣೆ ಜಿನುಗುವುದುಂಟು. ಚೆನ್ನಾಗಿ ಕೂರಿಸಿದ ಉಕ್ಕಿನ ಸುತ್ತು ಅಲ್ಯೂಮಿನಿಯಂನ ಮೂಲ ಸುತ್ತಿಗಿಂತ ಬಲವಾಗಿರುತ್ತದೆ ಎಂಬುದು ಸಂತೋಷದ ಸಂಗತಿ.

ಹೀಗಿದ್ದರೂ ಬ್ರೇಕು, ಸ್ಟೇರಿಂಗು, ಗಾಲಿಯ ತೋಳು ಇವುಗಳಲ್ಲಿ ಸುತ್ತು ಕೆಟ್ಟರೆ ರಿಪೇರಿಯ ಜಾಣತನ ತೋರಿಸದೆ ಆ ಭಾಗವನ್ನೇ ಬದಲಾಯಿಸುವುದು ನನ್ನ ಪದ್ಧತಿ. ಆಗುಂಬೆಯ ಮೂರನೆಯ ತಿರುವಿನಲ್ಲಿ ನಾನು ಲೆಕ್ಕ ಹಾಕಿದ್ದು ಬಿಡಿಭಾಗದ ಬೆಲೆಯನ್ನಲ್ಲ. ಬಿಗಿದರೂ ತಿರುಗುತ್ತಲೇ ಇರುವ ಸುತ್ತಿಗೆ ನಲ್ಲಿಯ ಬಿಳಿ ಟೇಪನ್ನೋ ಸೆಣಬನ್ನೋ ಸುತ್ತಿ ಕೂರಿಸುವವರನ್ನು ಕಂಡರೆ ಅಲ್ಲಿಂದ ನಿಮ್ಮ ಕಾರನ್ನು ತೆಗೆದುಕೊಂಡು ಹೊರಟುಬಿಡಿ.

ಮತ್ತೆ ಜೋಡಿಸುವಾಗ ಬೋಲ್ಟನ್ನು ಮೊದಲ ನಾಲ್ಕೈದು ಸುತ್ತು ಬೆರಳಿನಿಂದಲೇ ಹಾಕಬೇಕು, ಸ್ಪಾನರ್ ದೂರವಿರಲಿ. ಏರದಿದ್ದರೆ ಎಡಕ್ಕೆ ತಿರುಗಿಸುತ್ತ ಬನ್ನಿ. ಸುತ್ತು ಸುತ್ತಿಗೆ ಬಿದ್ದಾಗ ಸಣ್ಣದೊಂದು ‘ಟಿಕ್’ ಕೈಗೆ ತಿಳಿಯುತ್ತದೆ, ಅಲ್ಲಿಂದ ಬಲಕ್ಕೆ. ತುಕ್ಕು ಹಿಡಿಯುವ ಜಾಗದಲ್ಲಿ ತಾಮ್ರದ ಪುಡಿಯ ಗ್ರೀಸನ್ನು ತೆಳ್ಳಗೆ ಸವರಬಹುದು. ಆದರೆ ಆಗಲೇ ಹೇಳಿದ ತಿಕ್ಕಾಟದ ಲೆಕ್ಕ ನೆನಪಿರಲಿ. ಪುಸ್ತಕದಲ್ಲಿ ಕೊಟ್ಟ ಬಿಗಿತದ ಅಂಕೆ ಸಾಮಾನ್ಯವಾಗಿ ಒಣ ಬೋಲ್ಟಿನದು. ಗ್ರೀಸು ಹಚ್ಚಿ ಅಷ್ಟೇ ಬಿಗಿದರೆ ಬೋಲ್ಟು ಕಾಲುಪಾಲೋ ಇನ್ನೂ ಹೆಚ್ಚೋ ಜಾಸ್ತಿ ಜಗ್ಗುತ್ತದೆ. ಆದುದರಿಂದ ಗಾಲಿಯ ನಟ್ಟುಗಳಿಗೆ, ಪುಸ್ತಕ ಹೇಳದ ಹೊರತು, ಎಣ್ಣೆ ಗ್ರೀಸು ಏನೂ ಬೇಡ.

ಬಿಗಿದ ಮೇಲೆ ನಟ್ಟಿನಿಂದ ಪಕ್ಕದ ಕಬ್ಬಿಣದವರೆಗೆ ಬಿಳಿಯ ಬಣ್ಣದಲ್ಲಿ ಒಂದು ಗೆರೆ ಎಳೆಯಿರಿ. ನೂರು ಕಿಲೋಮೀಟರ್ ಓಡಿದ ಮೇಲೆ ಟಾರ್ಚು ಹಿಡಿದು ನೋಡಿದರೆ ಸಾಕು. ಗೆರೆ ಮುರಿದಿದ್ದರೆ ನಟ್ಟು ನಡೆದಿದೆ. ಇನ್ನು ಕೈಗೆ ಅಂಟಿದ ಮಸಿಯ ಪ್ರಶ್ನೆ. ಅದಕ್ಕೆ ಪೆಟ್ರೋಲು ಬೇಡ, ಚರ್ಮ ಸುಡುತ್ತದೆ. ಒಂದು ಚಮಚ ಕೊಬ್ಬರಿ ಎಣ್ಣೆಗೆ ಒಂದು ಚಮಚ ಸಕ್ಕರೆ ಬೆರೆಸಿ ಉಜ್ಜಿ ಸಾಬೂನಿನಿಂದ ತೊಳೆದರೆ ಉಗುರಿನ ಸಂದಿಯದೂ ಹೋಗುತ್ತದೆ. ಸಕ್ಕರೆಯ ಡಬ್ಬಿಯನ್ನು ಆ ಕೈಯಿಂದಲೇ ಮುಟ್ಟದೆ, ಮನೆಯಲ್ಲಿ ಯಾರನ್ನಾದರೂ ಕೇಳಿ ಹಾಕಿಸಿಕೊಳ್ಳಿ.